ಕಥೆ ಇರಲಿಲ್ಲವಾ, ಸಿಗಲಿಲ್ಲವಾ?

ಕಥೆ ಇಲ್ಲ ಎಂದು 'ಬ್ಯಾಟ್‌ಗರ್ಲ್' ಎಂಬ ಸೂಪರ್‌ಹೀರೋ ಸಿನಿಮಾದಿಂದ ಹಾಲಿವುಡ್ ನಿರ್ದೇಶಕ ಜಾಸ್ ವೀಡನ್ ಹೊರಬಂದದ್ದನ್ನು ನಾನು ಓದಿದ ಲೇಖನವೊಂದು ಪ್ರಾಮಾಣಿಕ ನಿರ್ಧಾರ ಎಂದು ಹೊಗಳಿದೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ತನ್ನ ಬಳಿ ಕಥೆಯೇ ಇಲ್ಲ ಎಂದು ಬಾಯಿಬಿಟ್ಟು ಹೇಳುವ ನಿರ್ದೇಶಕರು ಕಡಿಮೆ, ಅದು ನಿಜ. ಆದರೆ ಅದು ಗೊತ್ತಾಗಲು ತಿಂಗಳುಗಳೇ ಬೇಕಾದವು ಎಂದು ವೀಡನ್ ಅವರೇ 2018ರಲ್ಲಿ ಹೇಳಿದರು. ತಿಂಗಳುಗಳು!

ಬ್ಯಾಟ್‌ಗರ್ಲ್ ಆಗುವ ಬಾರ್ಬರಾ ಗಾರ್ಡನ್ ಕಾಮಿಕ್ಸ್‌ಗೆ ಬಂದದ್ದು 1967ರಲ್ಲಿ. ಪೊಲೀಸ್ ಕಮಿಷನರ್ ಮಗಳು, ಹಗಲಲ್ಲಿ ಲೈಬ್ರರಿ ಕೆಲಸ, ರಾತ್ರಿ ಮುಖವಾಡ. ಖಳನಾಯಕ ಜೋಕರ್ ಗುಂಡು ಹೊಡೆದ ಮೇಲೆ ವೀಲ್‌ಚೇರ್‌ನಲ್ಲೇ ಕೂತು, ಕಂಪ್ಯೂಟರ್ ಹಿಡಿದು, 'ಒರಾಕಲ್' ಹೆಸರಲ್ಲಿ ಬೇರೆ ಹೀರೋಗಳಿಗೇ ದಾರಿ ತೋರಿಸುತ್ತಾಳೆ. ಇಷ್ಟೆಲ್ಲ ಇದ್ದೂ ಕಥೆ ಸಿಗಲಿಲ್ಲ ಅಂದರೆ ಕೊರತೆ ಯಾರದ್ದು? 2007ರಲ್ಲಿ ಇದೇ ವೀಡನ್ 'ವಂಡರ್ ವುಮನ್' ಸಿನಿಮಾವನ್ನೂ ಬಿಟ್ಟಿದ್ದರು, ಅಲ್ವಾ?

ನಿರ್ದೇಶಕ ಹೋದರೆ ಸಿನಿಮಾ ಮುಗಿದಂತೆ ಎಂಬ ಮಾತೂ ಸರಿಯಲ್ಲ. 2015ರಲ್ಲಿ ಮಿಷೆಲ್ ಮ್ಯಾಕ್‌ಲಾರೆನ್ 'ವಂಡರ್ ವುಮನ್' ಬಿಟ್ಟ ಕೆಲವೇ ದಿನಗಳಲ್ಲಿ ಪ್ಯಾಟಿ ಜೆಂಕಿನ್ಸ್ ಬಂದರು. 2017ರಲ್ಲಿ ಆ ಸಿನಿಮಾ ಜಗತ್ತಿನಾದ್ಯಂತ 80 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಬ್ಯಾಟ್‌ಗರ್ಲ್‌ಗೂ ಬೇರೆ ನಿರ್ದೇಶಕರು ಸಿಕ್ಕರು, ಶೂಟಿಂಗೂ ಮುಗಿಯಿತು. 2022ರಲ್ಲಿ ಅದನ್ನು ಬಿಡುಗಡೆ ಮಾಡದೆ ಮೂಲೆಗೆ ಹಾಕಿದ್ದು ವಾರ್ನರ್ ಸ್ಟುಡಿಯೋ. ವೀಡನ್ ಬಗ್ಗೆ ಇಷ್ಟು ಬರೆದವರು ಅದರ ಬಗ್ಗೆ ಒಂದು ಸಾಲನ್ನಾದರೂ ಬರೆಯಬಹುದಿತ್ತು.