ಸಿಕ್ಕಿದ್ದೆಲ್ಲ ಚೀಲಕ್ಕೆ ಹಾಕುವ ಹಾಗಿಲ್ಲ
ನಿಮ್ಮ ಪ್ರವಾಸ ಲೇಖನದಲ್ಲಿ, ಅಮೆರಿಕದ ಫ್ಲೋರಿಡಾದ ಸ್ಯಾನಿಬೆಲ್ ದ್ವೀಪದಲ್ಲಿ ಬೇಕಾದಷ್ಟು ಚಿಪ್ಪು ಆಯ್ದುಕೊಳ್ಳಿ ಎಂದು ಬರೆದಿದ್ದೀರಿ. ಇದು ಅರ್ಧ ಸತ್ಯ. ಒಯ್ಯಬಹುದಾದದ್ದು ಖಾಲಿ ಚಿಪ್ಪು ಮಾತ್ರ. ಒಳಗೆ ಜೀವ ಇದ್ದರೆ ಕಾನೂನು ಬಿಡುವುದಿಲ್ಲ, ನಕ್ಷತ್ರಮೀನಿಗೂ ಅದೇ ನಿಯಮ. ಫೈಟಿಂಗ್ ಕಾಂಕ್ ಎಂಬ ಶಂಖದ ಹುಳು ಸಿಕ್ಕರೆ ತಿರುಗಿಸಿ ನೋಡಿ. ಬಾಯಿಯೊಳಗೆ ಕಂದು ಮುಚ್ಚಳ ಕಂಡರೆ ಒಡೆಯ ಮನೆಯಲ್ಲೇ ಇದ್ದಾನೆ ಅಂತ! ಮೆಲ್ಲಗೆ ನೀರಿಗೆ ಬಿಡಿ.

ಅದೇ ದ್ವೀಪದ ಡಿಂಗ್ ಡಾರ್ಲಿಂಗ್ ಅಭಯಾರಣ್ಯಕ್ಕೆ ಯಾವಾಗ ಹೋದರೂ ಆಯ್ತು ಅಂದಿದ್ದೀರಲ್ಲ, ಅದೂ ಸರಿಯಲ್ಲ. ಅಲ್ಲಿ ಹಕ್ಕಿ, ಪ್ರಾಣಿ ನೋಡುತ್ತಾ ಸಾಗುವ ರಸ್ತೆ ವೈಲ್ಡ್‌ಲೈಫ್ ಡ್ರೈವ್ ಶುಕ್ರವಾರ ಮುಚ್ಚಿರುತ್ತದೆ. ನೀರು ಇಳಿದ ಹೊತ್ತಿಗೆ ಹೋದರೆ ಗುಲಾಬಿ ಬಣ್ಣದ ಚಮಚಕೊಕ್ಕು ಹಕ್ಕಿಗಳು ಕೆಸರಲ್ಲಿ ಕೊಕ್ಕನ್ನು ಅತ್ತಿತ್ತ ಆಡಿಸುತ್ತಾ ಮೇಯುವುದನ್ನು ನೋಡಬಹುದು. ಉಬ್ಬರದಲ್ಲಿ ಹೋದರೆ ಸುಮ್ನೆ ಮ್ಯಾಂಗ್ರೋವ್ ನೋಡಿಕೊಂಡು ಬರಬೇಕಷ್ಟೆ.