ತುಟಿಯೊಂದನ್ನು ಬಿಟ್ಟು ಎಲ್ಲವೂ ಕೆಂಪು

‘ಮಕ್ಕಳೊಂದಿಗೆ ಮನೆಯಲ್ಲೇ, ಅತಿ ಸುಲಭವಾಗಿ’ ಎಂದು ಶುರುವಾಗುವ ವಿಡಿಯೊಗಳು ರಜೆಯಲ್ಲಿ ಮಕ್ಕಳ ಕಣ್ಣಿಗೆ ಬೀಳಬಾರದು. ಅವುಗಳಲ್ಲಿ ಕಾಣುವುದು ಬರೀ ಎರಡು ಕೈ. ಅವುಗಳಿಗೆ ಎಳ್ಳಷ್ಟೂ ಕೊಳೆ ಅಂಟುವುದಿಲ್ಲ. ಪಾತ್ರೆ ತೊಳೆಯುವವರು ಯಾರು ಎಂಬುದನ್ನಂತೂ ಕೊನೆಯವರೆಗೂ ತೋರಿಸುವುದಿಲ್ಲ.

ಮಗಳು ನೋಡಿದ್ದು ಲಿಪ್‌ಸ್ಟಿಕ್ ಮಾಡುವ ವಿಡಿಯೊ. ಜೇನುಮೇಣ, ಕೊಬ್ಬರಿ ಎಣ್ಣೆ, ಸ್ವಲ್ಪ ಶಿಯಾ ಬೆಣ್ಣೆ, ಬಣ್ಣಕ್ಕೆ ಒಂದು ತುಂಡು ಕ್ರೆಯಾನ್. ಕ್ರೆಯಾನ್ ಮಾತ್ರ ಬೇಡವೇ ಬೇಡ ಎಂದೆ. ‘ವಿಷವಲ್ಲ ಅಂತ ಡಬ್ಬಿ ಮೇಲೆ ಬರೆದಿದೆಯಲ್ಲಮ್ಮಾ’ ಎಂದು ವಾದಕ್ಕೆ ನಿಂತಳು. ಅಪ್ಪಿತಪ್ಪಿ ಒಂದು ಚೂರು ನುಂಗಿದರೆ ಅಪಾಯವಿಲ್ಲ ಎನ್ನುವುದು ಬೇರೆ, ತುಟಿಗೆ ಬಳಿದುಕೊಂಡು ಓಡಾಡುವುದು ಬೇರೆ. ಕ್ರೆಯಾನ್ ಇರುವುದು ಕಾಗದಕ್ಕೆ. ಕೊನೆಗೆ ಬೀಟ್‌ರೂಟಿಗೆ ರಾಜಿಯಾಯಿತು.

ಮೇಣದ ಗಟ್ಟಿಯನ್ನು ತುರಿಯುವ ಕೆಲಸ ಮಗನ ಪಾಲಿಗೆ ಬಂತು. ಬಟ್ಟಲಿಗೆ ಬಿದ್ದದ್ದಕ್ಕಿಂತ ತುರಿಮಣೆಯ ತೂತಿನಲ್ಲಿ ಕೂತದ್ದೇ ಹೆಚ್ಚು. ಒಲೆಯ ಹತ್ತಿರದ ಕೆಲಸವೆಲ್ಲ ನನ್ನದು. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದರೆ ನೇರ ಉರಿಗೆ ಇಟ್ಟರೆ ಅದು ಹೊತ್ತಿಕೊಳ್ಳುವ ಭಯ. ಹಾಗಾಗಿ ಕುದಿಯುವ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಬೇಕು. ಕರಗುವಾಗಿನ ಪರಿಮಳ ಹಿತವಾಗಿತ್ತು. ಅಲ್ಲಿಗೆ ಆ ದಿನದ ಸುಖವೂ ಮುಗಿಯಿತು.

ಮಗಳು ಬೀಟ್‌ರೂಟ್ ರಸ ಸುರಿದಳು. ಕೆಂಪಗಾಗಬೇಕಿದ್ದ ಎಣ್ಣೆ ಇದ್ದಂತೆಯೇ ಇತ್ತು. ರಸ ಬಟ್ಟಲಿನ ತಳಕ್ಕಿಳಿದು ಗುಂಡು ಗುಂಡು ಹನಿಗಳಾಗಿ ಉರುಳಾಡತೊಡಗಿತು. ಕಡ್ಡಿಯಿಂದ ಒತ್ತಿದರೆ ಒಂದು ಹನಿ ಎರಡಾಗಿ, ಎರಡು ನಾಲ್ಕಾಗಿ ದಿಕ್ಕಾಪಾಲಾಗಿ ಓಡುತ್ತಿದ್ದವು. ಬೀಟ್‌ರೂಟಿನ ಬಣ್ಣ ಕರಗುವುದು ನೀರಿನಲ್ಲಿ. ಅದಕ್ಕೂ ಎಣ್ಣೆಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಒಣಗಿಸಿದ ಪುಡಿ ಹಾಕಿ ನೋಡಿದರೆ ಅದೂ ಕರಗದೆ ಮರಳಿನಂತೆ ತಳ ಹಿಡಿಯಿತು. ವಿಡಿಯೊದ ಕೈಗಳಿಗೆ ಈ ರಸಾಯನಶಾಸ್ತ್ರ ಅನ್ವಯಿಸುವುದಿಲ್ಲವೋ ಏನೋ.

ಎಣ್ಣೆಯೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಣ್ಣ ಹತ್ತಿತು. ಮೇಜು, ಮಗಳ ಹತ್ತೂ ಬೆರಳು, ಫ್ರಿಜ್ಜಿನ ಹಿಡಿ, ಮಗನ ಬಿಳಿ ಬನಿಯನ್ನು, ಅಷ್ಟೇನೂ ಸಂಬಂಧವಿಲ್ಲದ ಸ್ನಾನದ ಮನೆಯ ಬಾಗಿಲು.

‘ಹಾಗಾದ್ರೆ ನಿಜವಾದ ಲಿಪ್‌ಸ್ಟಿಕ್ ಹೇಗಮ್ಮಾ ಕೆಂಪಾಗತ್ತೆ?’ ಎಂದಳು. ಕೆಲವಕ್ಕೆ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಬಣ್ಣ ಹಾಕುತ್ತಾರೆ, ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಕೀಟ ಬೇಕು ಎಂದೆ. ಮಗಳು ‘ಛೀ’ ಎಂದು ಎರಡೂ ಕೈಯಲ್ಲಿ ತುಟಿ ಮುಚ್ಚಿಕೊಂಡಳು, ತುಟಿ ಒಂದಿಷ್ಟು ಕೆಂಪಾಗಿದ್ದು ಆಗಲೇ. ಅಲ್ಲಿಯವರೆಗೆ ‘ಇದು ಹುಡುಗಿಯರ ಕೆಲಸ’ ಎಂದು ಮುಖ ಊದಿಸಿಕೊಂಡಿದ್ದ ಮಗನಿಗೆ ಮಾತ್ರ ಅದನ್ನು ಕೇಳಿದ್ದೇ ಹುರುಪು ಬಂತು. ಖಾಲಿ ಬೆಂಕಿಪೊಟ್ಟಣ ಹಿಡಿದು ಹೊರಗೆ ಓಡಿದ. ಇರುವೆ ಕೆಂಪಗಿದ್ದರೆ ಸಾಲದು ಎಂದು ತಿಳಿಸಿ ಒಳಗೆ ಕರೆತರುವಷ್ಟರಲ್ಲಿ ಮೇಣ ಗಟ್ಟಿಯಾಗಿತ್ತು. ಮತ್ತೆ ಒಲೆ ಹಚ್ಚು.

ಅಷ್ಟರಲ್ಲಿ ಮಗಳು ತಾನೇ ಒಂದು ಉಪಾಯ ಹೂಡಿದ್ದಳು: ಅರಿಶಿನ. ಅದರ ಬಣ್ಣ ಎಣ್ಣೆಗೆ ಸಲೀಸಾಗಿ ಇಳಿಯುತ್ತದೆ. ಇಳಿಯಿತು ಕೂಡ, ಬಟ್ಟಲೆಲ್ಲ ಬಂಗಾರ.

ಹಳೆಯ ಲಿಪ್‌ಸ್ಟಿಕ್ ಕೊಳವೆಯೊಂದನ್ನು ತೊಳೆದು ಒಣಗಿಸಿ ಇಟ್ಟಿದ್ದೆವು. ತಿರುಗಿಸಿದರೆ ಮೇಲೇಳುವ ಈ ಕೊಳವೆಗೆ 1923ರಲ್ಲೇ ಅಮೆರಿಕದಲ್ಲಿ ಜೇಮ್ಸ್ ಬ್ರೂಸ್ ಮೇಸನ್ ಎಂಬಾತ ಪೇಟೆಂಟ್ ಪಡೆದಿದ್ದ. ಕಾಯ್ದ ಮೇಣವನ್ನು ಚಮಚದಲ್ಲಿ ಅದಕ್ಕೆ ಸುರಿಯುತ್ತಾರೆಂದು ಅವನಿಗೆ ಹೊಳೆದಿರಲಿಕ್ಕಿಲ್ಲ. ಮೇಲೆ ಹೊಯ್ದದ್ದು ಒಳಗಿನ ತಿರುಗಣೆಯ ಸಂದಿಗೆ ಇಳಿದು, ಅಲ್ಲೇ ಗಟ್ಟಿಯಾಗಿ, ಕೊಳವೆ ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಉಳಿದದ್ದನ್ನು ಸಣ್ಣ ಡಬ್ಬಿಗೆ ಸುರಿದೆವು. ಪಾತ್ರೆಯನ್ನು ಬೆಚ್ಚಗಿರುವಾಗಲೇ ಕಾಗದದಲ್ಲಿ ಒರೆಸಿದೆ. ಮೇಣ ಸಿಂಕಿಗೆ ಹೋದರೆ ಕೊಳವೆಯೊಳಗೆ ಹೆಪ್ಪುಗಟ್ಟಿ, ಮುಂದಿನ ರಜೆ ಪ್ಲಂಬರ್ ಜೊತೆಗೇ.

ಮೊದಲ ಗಿರಾಕಿ ಮಗಳೇ. ಹಚ್ಚಿಕೊಂಡು ಕನ್ನಡಿ ನೋಡಿ, ಏನೂ ಮಾತಾಡದೆ ಹೋಗಿ ಅಜ್ಜಿಯ ಮುಂದೆ ನಿಂತಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ‘ಕಣ್ಣು ಬಿಡೇ, ನೋಡೋಣ. ಕಾಮಾಲೆ ಏನಾದ್ರೂ ಬಂತಾ?’ ಎಂದು ರೆಪ್ಪೆ ಎಳೆದು ಪರೀಕ್ಷೆಗೇ ಇಳಿದರು. ಆಫೀಸಿಂದ ಬಂದ ಯಜಮಾನರು ಹಳದಿ ತುಟಿಯ ಮಗಳನ್ನೂ ಕೆಂಪು ಬನಿಯನ್ನಿನ ಮಗನನ್ನೂ ಒಮ್ಮೆ ನೋಡಿ, ಏನೂ ಕೇಳದೆ ಸೀದಾ ಕೋಣೆಗೆ ಹೋದರು. ಅನುಭವಸ್ಥರು.

ಮೇಣ ತುಸು ಹೆಚ್ಚಾಗಿ ಡಬ್ಬಿಯಲ್ಲಿದ್ದದ್ದು ಕಲ್ಲಿನಂತಾಗಿತ್ತು. ತುಟಿಗೆ ಉಜ್ಜಿದರೆ ತುಟಿಯೇ ಸವೆಯಬೇಕು. ಮಗ ಅದನ್ನು ತನ್ನ ಶಾಲಾ ಬ್ಯಾಗಿನ ಜಿಪ್ಪಿಗೆ ಉಜ್ಜಿದ. ವರ್ಷದಿಂದ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದ ಜಿಪ್ಪು ಸುಯ್ಯೆಂದು ಸರಿಯಿತು. ಈಗ ಅಕ್ಕಪಕ್ಕದ ಮಕ್ಕಳ ಬ್ಯಾಗುಗಳ ಗುತ್ತಿಗೆ ಅವನದೇ. ಬ್ಯಾಗು ಹಳದಿಯಾದರೆ ಅಕ್ಕನನ್ನು ಕೇಳಬೇಕು ಎಂದು ಮೊದಲೇ ಹೇಳಿಬಿಡುತ್ತಾನೆ.