ಸತ್ಯಾಂಶ: ಮಿಕ್ಸಿಂಗ್ ಕನ್ಸೋಲ್ ಅಪಸ್ವರವನ್ನು ತಿದ್ದುವುದಿಲ್ಲ

‘ಸ್ಟುಡಿಯೋದ ಮಿಕ್ಸಿಂಗ್ ಕನ್ಸೋಲ್ ಎಂಥ ಅಪಸ್ವರವನ್ನೂ ಸರಿಪಡಿಸುತ್ತದೆ, ನೂರಾರು ಗುಂಡಿಗಳಿರುವುದೇ ಅದಕ್ಕೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಕನ್ಸೋಲ್ ಎಂದರೆ ಹಲವು ಮೈಕ್, ವಾದ್ಯಗಳ ಧ್ವನಿಯನ್ನು ಹೊಂದಿಸಿ ಬೆರೆಸುವ ಉಪಕರಣ.

ಗುಂಡಿಗಳು ನೂರಾರು ಇರುವುದು ನಿಜ. ಆದರೆ ಬಹುಪಾಲು ಒಂದೇ ಸಾಲಿನ ಪುನರಾವರ್ತನೆ. ಒಂದೊಂದು ಮೈಕ್ ಅಥವಾ ವಾದ್ಯಕ್ಕೆ ಮೀಸಲಾದ ಈ ಸಾಲೇ ಚಾನೆಲ್; 24 ಚಾನೆಲ್‌ಗಳಿದ್ದರೆ, ಒಂದು ಅರ್ಥವಾದರೆ ಉಳಿದ 23 ಕೂಡ ಹೆಚ್ಚುಕಡಿಮೆ ಅರ್ಥವಾದಂತೆಯೇ. ಮೈಕ್‌ನಿಂದ ಬರುವ ಸಂಕೇತ ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್‌ಗಳಷ್ಟು ದುರ್ಬಲ. ಸಾಲಿನ ಮೊದಲಲ್ಲಿರುವ ಪ್ರೀಆ್ಯಂಪ್ ಅದನ್ನು ವರ್ಧಿಸುತ್ತದೆ; 60 ಡೆಸಿಬೆಲ್ ಏರಿಸಿದರೆ ವೋಲ್ಟೇಜ್ ಸಾವಿರ ಪಟ್ಟಾಗುತ್ತದೆ. ಇಲ್ಲಿ ಮಿತಿಮೀರಿ ಧ್ವನಿ ಒಡೆದರೆ ಮುಂದಿನ ಯಾವ ಗುಂಡಿಯೂ ಅದನ್ನು ಮೊದಲಿನಂತೆ ಮಾಡಲಾರದು. ನನ್ನ ದೃಷ್ಟಿಯಲ್ಲಿ ಎಂಜಿನಿಯರ್‌ನ ಕಿವಿಗೆ ನಿಜವಾದ ಪರೀಕ್ಷೆ ಇದೇ.

ಮುಂದೆ ಈಕ್ವಲೈಸರ್ ತಗ್ಗು, ನಡು, ಎತ್ತರದ ಕಂಪನಾಂಕಗಳನ್ನು ಹೆಚ್ಚು ಕಡಿಮೆ ಮಾಡುತ್ತದೆ. ಗಾಯಕಿಯ ಹೆಡ್‌ಫೋನ್‌ನಲ್ಲಿ ತಂಬೂರಿ ಎಷ್ಟು ಕೇಳಬೇಕೆಂಬುದನ್ನು ಆಕ್ಸ್ ಗುಂಡಿ ನಿರ್ಧರಿಸುತ್ತದೆ. ಧ್ವನಿ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂಬುದನ್ನು ಪ್ಯಾನ್, ಅದರ ಮಟ್ಟವನ್ನು ಫೇಡರ್ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಒಂದೂ ಸ್ವರಸ್ಥಾನವನ್ನು ಬದಲಿಸುವುದಿಲ್ಲ.

ಸ್ವರ ತಿದ್ದುವುದು 1997ರಲ್ಲಿ ಬಂದ ಆಟೊ-ಟ್ಯೂನ್‌ನಂತಹ ಪ್ರತ್ಯೇಕ ತಂತ್ರಾಂಶದ ಕೆಲಸ. ಅದನ್ನೂ ವಿವೇಚನೆಯಿಲ್ಲದೆ ಬಳಸಿದರೆ ಅಪಸ್ವರದ ಜೊತೆಗೆ ಗಮಕವೂ ಚಪ್ಪಟೆಯಾಗುತ್ತದೆ.